ಲಾರಿ ಕ್ಯಾಬಿನ್‌ಗೆ ಇನ್ವರ್ಟರ್: ಎಷ್ಟು ವಾಟ್, ಯಾವ ಬ್ಯಾಟರಿ, ಎಷ್ಟು ದಪ್ಪ ವೈರ್?

ಪ್ರಶ್ನೆ: ಸರ್, ನಾನು ಶಿವಮೊಗ್ಗ ಕಡೆಯವನು. ಸ್ವಂತ ಲಾರಿ, ನಾನೇ ಡ್ರೈವರ್. ಅಡಿಕೆ ಲೋಡ್ ತೆಗೆದುಕೊಂಡು ದೆಹಲಿ, ಕಾನ್ಪುರದ ಕಡೆ ಹೋಗುತ್ತೇನೆ. 24 ವೋಲ್ಟ್ ಗಾಡಿ, 130 ಎಎಚ್‌ನ ಎರಡು ಬ್ಯಾಟರಿ, ಹಿಂದೆ ಮಲಗಲು ಸ್ಲೀಪರ್ ಇದೆ. ನನಗೆ ಸಕ್ಕರೆ ಕಾಯಿಲೆ, ಈಗ ಇನ್ಸುಲಿನ್ ಶುರುವಾಗಿದೆ. ಢಾಬಾ ಊಟ ಬಿಟ್ಟು ಅಡುಗೆ ಮಾಡಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಹಾಗಾಗಿ ಕ್ಯಾಬಿನ್‌ನಲ್ಲಿ ರೈಸ್ ಕುಕ್ಕರ್, ಬಿಸಿನೀರಿಗೆ ಕೆಟಲ್, ರಾತ್ರಿಗೆ ಫ್ಯಾನ್, ಇನ್ಸುಲಿನ್ ಇಡಲು ಚಿಕ್ಕ ಫ್ರಿಜ್, ನನ್ನದೂ ಕ್ಲೀನರ್‌ದೂ ಮೊಬೈಲ್ ಚಾರ್ಜಿಂಗ್ ಇಷ್ಟು ನಡೆಯಬೇಕು. ಅಂಗಡಿಯವರು 12 ವೋಲ್ಟಿನ 2000 ವಾಟ್ ಇನ್ವರ್ಟರ್ ತೋರಿಸಿ "ಒಂದು ಬ್ಯಾಟರಿಗೆ ಕೊಟ್ಟರೆ ಆಯ್ತು" ಅನ್ನುತ್ತಾರೆ. ಗೆಳೆಯರೊಬ್ಬರು ಮನೆಯ ಇನ್ವರ್ಟರನ್ನೇ ಹಾಕಿಸು ಅನ್ನುತ್ತಾರೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಎಂಬ ಭಯ ನನ್ನದು. ಯಾವುದು ತೆಗೆದುಕೊಳ್ಳಲಿ? ನನ್ನ ಭಾವ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಾರೆ, ಅದಕ್ಕೂ ಇಂಥದ್ದೇ ಹಾಕಿಸಬಹುದೇ?

ಉತ್ತರ: ಮೊದಲು ಅಂಗಡಿಯವರ ಮಾತಿಗೆ ಬರುತ್ತೇನೆ, ಏಕೆಂದರೆ ನೀವು ಇವತ್ತೇ ಹೋಗಿ ಅದನ್ನು ಕೊಂಡುಬಿಟ್ಟರೆ ಮಿಕ್ಕ ಉತ್ತರವೆಲ್ಲ ವ್ಯರ್ಥ. 12 ವೋಲ್ಟಿನ ಇನ್ವರ್ಟರನ್ನು ದಯವಿಟ್ಟು ತರಬೇಡಿ. ನಿಮ್ಮ ಎರಡು ಬ್ಯಾಟರಿಗಳು ಸೀರೀಸ್‌ನಲ್ಲಿ ಕೂತಿವೆ. ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಸೇರಿ 24 ವೋಲ್ಟ್ ಆಗಿದೆ. ಒಂದರಿಂದ ಮಾತ್ರ ಕರೆಂಟ್ ಎಳೆದರೆ ಅದು ಇಳಿಯುತ್ತದೆ, ಪಕ್ಕದ್ದು ತುಂಬಿಯೇ ಇರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅದು ಎರಡೂ ಸೇರಿ ಸುಮಾರು 28 ವೋಲ್ಟ್ ಆಯಿತೇ ಎಂಬುದನ್ನಷ್ಟೇ ನೋಡುತ್ತದೆ. ಇಳಿದ ಬ್ಯಾಟರಿ 13ರ ಹತ್ತಿರವೇ ನಿಂತರೆ ತುಂಬಿದ ಬ್ಯಾಟರಿಯ ಪಾಲಿಗೆ 15 ವೋಲ್ಟ್ ಬೀಳುತ್ತದೆ. ಅದು ಕುದಿದು ನೀರು ಕಳೆದುಕೊಳ್ಳುತ್ತದೆ, ಇನ್ನೊಂದು ಎಂದೂ ಪೂರ್ತಿ ಚಾರ್ಜ್ ಆಗದೆ ಒಳಗೊಳಗೇ ಸಲ್ಫೇಟ್ ಕಟ್ಟಿ ಸಾಯುತ್ತದೆ. ಜೋಡೆತ್ತಿನಲ್ಲಿ ಒಂದಕ್ಕೆ ಮಾತ್ರ ಮೇವು ಹಾಕಿ ಎರಡನ್ನೂ ನೊಗಕ್ಕೆ ಕಟ್ಟಿದ ಹಾಗೆ. ಕೆಲವೇ ತಿಂಗಳಲ್ಲಿ ಎರಡೂ ಬ್ಯಾಟರಿ ಬದಲಿಸಬೇಕಾಗುತ್ತದೆ. ಈ ಅಸಮತೋಲನ ಸರಿದೂಗಿಸಲು ಈಕ್ವಲೈಸರ್ ಎಂಬ ಸಾಧನ ಸಿಗುತ್ತದೆ ನಿಜ, ಆದರೆ 24 ವೋಲ್ಟಿನ ಇನ್ವರ್ಟರೇ ಸಿಗುವಾಗ ಅದರ ಗೊಡವೆ ಏಕೆ? ಆ 12 ವೋಲ್ಟಿನದನ್ನು ಎರಡೂ ಬ್ಯಾಟರಿಗೆ ಸೇರಿಸಿ 24ಕ್ಕೆ ಕೊಡುತ್ತೇನೆ ಎಂದು ಯಾರಾದರೂ ಹೊರಟರಂತೂ ಅಲ್ಲೇ ಸುಟ್ಟುಹೋಗುತ್ತದೆ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ತಿದ್ದಿಬಿಡೋಣ. ಎಎಚ್ ಎಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ. 130 ಎಎಚ್‌ನ ಎರಡು ಬ್ಯಾಟರಿ ಎಂದರೆ 260 ಎಎಚ್ ಅಂತ ಹಲವರು ಹಿಡಿಯುತ್ತಾರೆ. ಸೀರೀಸ್‌ನಲ್ಲಿ ವೋಲ್ಟ್ ಕೂಡುತ್ತದೆ, ಎಎಚ್ ಕೂಡುವುದಿಲ್ಲ. ನಿಮ್ಮಲ್ಲಿರುವುದು 24 ವೋಲ್ಟ್, 130 ಎಎಚ್. ಅದರಲ್ಲೂ ಲಾರಿ ಬ್ಯಾಟರಿ ಮಾಡಿರುವುದು ಸೆಲ್ಫ್ ಹೊಡೆಯಲು: ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು, ಆಮೇಲೆ ಆಲ್ಟರ್ನೇಟರಿನಿಂದ ತುಂಬಿಕೊಂಡು ಸುಮ್ಮನಿರಲು. ಅದರ ಒಳಗಿನ ಪ್ಲೇಟುಗಳು ತೆಳು. ಮನೆ ಇನ್ವರ್ಟರಿನ ಟ್ಯೂಬುಲಾರ್ ಬ್ಯಾಟರಿಯಂತೆ ದಿನವೂ ಅರ್ಧಕ್ಕೆ ಇಳಿಸಿ ಏರಿಸಿದರೆ ತಡೆಯುವುದಿಲ್ಲ. ರಾತ್ರಿಗೆ ಐದರಲ್ಲಿ ಒಂದು ಪಾಲು, ಅಂದರೆ 26 ಎಎಚ್ ಬಳಸಿದರೆ ಬ್ಯಾಟರಿಗೂ ಆಯುಷ್ಯ, ಬೆಳಿಗ್ಗೆ ಸೆಲ್ಫಿಗೂ ಬಲ. ಈ 26 ಎಎಚ್‌ನೊಳಗೆ ನಿಮ್ಮ ಸಂಸಾರ ನಡೆಯಬೇಕು. ಇನ್ವರ್ಟರ್ ಕರೆಂಟ್ ಹುಟ್ಟಿಸುವುದಿಲ್ಲವಲ್ಲ, ಬ್ಯಾಟರಿಯಲ್ಲಿ ಇದ್ದುದನ್ನೇ ನೂರಕ್ಕೆ ಹತ್ತು ಹದಿನೈದು ಪಾಲು ತಾನು ತಿಂದು ಮಿಕ್ಕಿದ್ದನ್ನು 230 ವೋಲ್ಟ್ ಮಾಡಿ ಕೊಡುತ್ತದೆ.

ಈಗ ಹೇಳಿ, ಈ 26 ಎಎಚ್ ಅನ್ನು ಹೆಚ್ಚು ತಿನ್ನುವುದು ಯಾವುದು, ರೈಸ್ ಕುಕ್ಕರೋ ಫ್ಯಾನೋ? ಕೇಳಿದ ಬಹುತೇಕರು ಕುಕ್ಕರ್ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಇಬ್ಬರಿಗೆ ಸಾಕಾಗುವ ಒಂದು ಲೀಟರಿನ ಕುಕ್ಕರ್ ಸುಮಾರು 400 ವಾಟ್. ಅರ್ಧ ಗಂಟೆಗೆ 200 ವಾಟ್-ಅವರ್, ಇನ್ವರ್ಟರಿನ ನಷ್ಟ ಸೇರಿ 235. ಅದನ್ನು 24ರಿಂದ ಭಾಗಿಸಿದರೆ 10 ಎಎಚ್. ಇನ್ನು ಮನೆಯಿಂದ ತಂದ 50 ವಾಟಿನ ಟೇಬಲ್ ಫ್ಯಾನನ್ನು ಇನ್ವರ್ಟರಿಗೆ ಸಿಕ್ಕಿಸಿ ಎಂಟು ಗಂಟೆ ಮಲಗಿದಿರಿ ಎನ್ನಿ. 1000 ವಾಟಿನ ಇನ್ವರ್ಟರ್ ಆನ್ ಆಗಿದ್ದರೆ ಏನೂ ಸಿಕ್ಕಿಸದಿದ್ದರೂ ತನಗಾಗಿಯೇ 12ರಿಂದ 20 ವಾಟ್ ಎಳೆಯುತ್ತಿರುತ್ತದೆ. ಎಲ್ಲ ಸೇರಿ 70 ವಾಟ್, ಎಂಟು ಗಂಟೆಗೆ 560 ವಾಟ್-ಅವರ್, ಅಂದರೆ 23 ಎಎಚ್. ಹೆಚ್ಚುಕಡಿಮೆ ನಿಮ್ಮ ಇಡೀ ರಾತ್ರಿಯ ಪಾಲನ್ನು ಫ್ಯಾನ್ ಒಂದೇ ಮುಗಿಸಿಬಿಟ್ಟಿತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದಾಗ ಎಲ್ಲರೂ ಬೈಯುವುದು ಮಾತ್ರ ಕುಕ್ಕರನ್ನು.

ಆದ್ದರಿಂದ ಇನ್ವರ್ಟರ್ ಎಷ್ಟು ವಾಟಿನದು ಎಂದು ಕೇಳುವ ಮೊದಲು, ಯಾವುದಕ್ಕೆ ಇನ್ವರ್ಟರೇ ಬೇಡ ಎಂದು ಕೇಳಿಕೊಳ್ಳಿ. ಗಂಟೆಗಟ್ಟಲೆ ಓಡುವ ಯಾವುದನ್ನೂ ಇನ್ವರ್ಟರಿಗೆ ಹಾಕಬೇಡಿ, ನೇರ 24 ವೋಲ್ಟಿಗೇ ಹಾಕಿ. ಲಾರಿಗೆಂದೇ ಬರುವ 24 ವೋಲ್ಟಿನ ಡಿಸಿ ಫ್ಯಾನ್ 15 ವಾಟಿನ ಆಸುಪಾಸು, ರಾತ್ರಿಯಿಡೀ ಓಡಿದರೂ 5 ಎಎಚ್. ಸ್ಲೀಪರಿನ ತಲೆಯ ಕಡೆ ಒಂದು ಹಾಕಿಸಿ, ಕ್ಲೀನರ್ ಮಲಗುವ ಕಡೆ ಇನ್ನೊಂದು ಹಾಕಿಸಿದರೂ 10 ದಾಟುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ, ಒಳ್ಳೆಯದೇ ಆಯಿತು. ಆದರೆ ಆ ಎಸಿ ಎಂಜಿನ್ ಓಡುವಾಗ ಮಾತ್ರ, ಮಲಗುವ ಹೊತ್ತಿಗೆ ಹೊಸ ಗಾಡಿಯವರಿಗೂ ಫ್ಯಾನೇ ಗತಿ. ಮೊಬೈಲ್‌ಗೂ ಅಷ್ಟೇ, 24 ವೋಲ್ಟಿಗೆ ಆಗುವ ಚಾರ್ಜರ್ ಸಾಕು. ಮೈಮೇಲೆ "12-24 ವೋಲ್ಟ್" ಎಂದು ಬರೆದಿದೆಯೇ ನೋಡಿ. ಕಾರಿಗೆಂದು ಮಾಡಿದ ಬರೀ 12 ವೋಲ್ಟಿನ ಚಾರ್ಜರ್ ಲಾರಿಯಲ್ಲಿ ಸುಡುತ್ತದೆ, ಕೆಲವೊಮ್ಮೆ ಫೋನನ್ನೂ ಜೊತೆಗೆ ಕರೆದೊಯ್ಯುತ್ತದೆ.

ಇನ್ಸುಲಿನ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಪಟ್ಟಿಯಲ್ಲಿ ಇದೊಂದೇ ಹಾಳಾದರೆ ಪ್ರಾಣಕ್ಕೆ ಬರುವಂಥದ್ದು. ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸಲು ತೆಗೆದ ಬಾಟಲಿ ಅಥವಾ ಪೆನ್ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿರಬಹುದು, ಆದರೆ 25ರಿಂದ 30 ಡಿಗ್ರಿ ದಾಟಬಾರದು (ನಿಮ್ಮದಕ್ಕೆ ಎಷ್ಟು ಎಂಬುದು ಪೊಟ್ಟಣದ ಚೀಟಿಯಲ್ಲಿರುತ್ತದೆ, ಡಾಕ್ಟರನ್ನೂ ಕೇಳಿ). ಮೇ ತಿಂಗಳಲ್ಲಿ ರಾಜಸ್ಥಾನ ದಾಟುವಾಗ ನಿಲ್ಲಿಸಿದ ಕ್ಯಾಬಿನ್ ಎಷ್ಟು ಕಾಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಡ್ಯಾಶ್‌ಬೋರ್ಡ್ ಮೇಲಿಟ್ಟ ಇನ್ಸುಲಿನ್ ನೋಡಲು ಹಾಗೆಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಹೆಪ್ಪುಗಟ್ಟಿದರೂ ಅದು ಕೆಟ್ಟಂತೆ. ಕರಗಿಸಿ ಬಳಸಬಾರದು.

ಇದಕ್ಕೆ ಮಾರುಕಟ್ಟೆಯಲ್ಲಿ ಮೂರು ಬಗೆ ಕಾಣುತ್ತವೆ. ಮನೆಗೆಂದು ಮಾಡಿದ 230 ವೋಲ್ಟಿನ ಮಿನಿ ಫ್ರಿಜ್ ಬೇಡ. ಅದರ ಕಂಪ್ರೆಸರ್ ಓಡುವಾಗ 80 ವಾಟ್ ಇದ್ದರೂ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ, ಅದೊಂದಕ್ಕಾಗಿ ಇನ್ವರ್ಟರ್ ಹಗಲೂ ರಾತ್ರಿ ಆನ್ ಇರಬೇಕು, ಹೆದ್ದಾರಿಯ ಕುಲುಕಾಟಕ್ಕೆ ಅದನ್ನು ಮಾಡಿಯೂ ಇಲ್ಲ. ಎರಡನೆಯದು ಕಾರ್ ಕೂಲರ್ ಎಂದು ಅಗ್ಗಕ್ಕೆ ಮಾರುವ, ಕಂಪ್ರೆಸರ್ ಇಲ್ಲದ ಡಬ್ಬಿ. ಇದು ಹೊರಗಿನ ಬಿಸಿಗಿಂತ 15-20 ಡಿಗ್ರಿ ಕಡಿಮೆ ಮಾಡುವುದಷ್ಟೇ. ಕ್ಯಾಬಿನ್ 45 ಇದ್ದರೆ ಒಳಗೆ 25ಕ್ಕೂ ಮೇಲೆಯೇ, ಇನ್ಸುಲಿನ್ ದಾಸ್ತಾನಿಗೆ ಅದು ಸಾಲದು. ಅಷ್ಟಕ್ಕೂ ಅದು ಬಿಡುವಿಲ್ಲದೆ 50 ವಾಟ್ ಎಳೆದು ದಿನಕ್ಕೆ 50 ಎಎಚ್ ನುಂಗುತ್ತದೆ. ಹಣ ಉಳಿಸಲು ಹೋಗಿ ಇದನ್ನು ತಂದರೆ ಬ್ಯಾಟರಿಯೂ ಹೋಯಿತು, ಔಷಧವೂ ಹೋಯಿತು.

ಮೂರನೆಯದು 12/24 ವೋಲ್ಟಿನಲ್ಲಿ ನೇರ ಓಡುವ ಕಂಪ್ರೆಸರ್ ಫ್ರಿಜ್. 15-20 ಲೀಟರಿನದು ಓಡುವಾಗ 45-50 ವಾಟ್, ತಣ್ಣಗಾದ ಮೇಲೆ ನಿಂತು ನಿಂತು ಓಡುತ್ತದೆ. ಬೇಸಿಗೆಯಲ್ಲೂ ಗಂಟೆಗೆ ಒಂದು ಎಎಚ್‌ಗಿಂತ ತುಸು ಕಡಿಮೆ ಎಂದು ಲೆಕ್ಕ ಹಿಡಿಯಿರಿ. ನೀವು ಹೆಚ್ಚು ಹಣ ಹಾಕಬೇಕಾದ್ದು ಇದರ ಮೇಲೆ, ಇನ್ವರ್ಟರಿನ ಮೇಲಲ್ಲ. 5 ಡಿಗ್ರಿಗೆ ಇಟ್ಟು, ಒಳಗೊಂದು ಚಿಕ್ಕ ಥರ್ಮಾಮೀಟರ್ ಹಾಕಿ. ಇನ್ಸುಲಿನನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗಿಡಿ, ಗೋಡೆಗೆ ತಾಗಿದರೆ ಹೆಪ್ಪುಗಟ್ಟಬಹುದು. ಈಗಲೇ ಇಷ್ಟು ಹಣ ಹೊಂದುವುದಿಲ್ಲ ಎಂದಾದರೆ, ದಾಸ್ತಾನನ್ನು ಮನೆಯ ಫ್ರಿಜ್‌ನಲ್ಲೇ ಬಿಟ್ಟು ಒಂದು ಟ್ರಿಪ್ಪಿಗೆ ಬೇಕಾದ ಪೆನ್ನನ್ನಷ್ಟೇ ತಂದು, ನೀರಿನಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲದಲ್ಲಿ ಇಟ್ಟುಕೊಳ್ಳಿ. ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅಷ್ಟಾಗಿ ಇಲ್ಲ, ಆದರೆ ಆಗ ಅಷ್ಟು ಸೆಕೆಯೂ ಇರುವುದಿಲ್ಲ.

ಈಗ ಇನ್ವರ್ಟರಿಗೆ ಉಳಿದದ್ದು ಎರಡೇ, ಕುಕ್ಕರ್ ಮತ್ತು ಕೆಟಲ್. ಮನೆಯ 1500 ವಾಟಿನ ಕೆಟಲ್ ತರಬೇಡಿ, ಪ್ರಯಾಣಕ್ಕೆಂದು ಬರುವ 600 ವಾಟಿನ ಅರ್ಧ ಲೀಟರಿನದು ಸಾಕು. ಒಂದು ಸಲ ನೀರು ಕುದಿಸಲು 3 ಎಎಚ್ ಕೂಡ ಬೇಡ. ಎರಡನ್ನೂ ಒಟ್ಟಿಗೆ ಹಾಕುವುದಿಲ್ಲ ಎಂಬ ನಿಯಮ ಮಾಡಿಕೊಳ್ಳಿ. ಆಗ ಒಂದು ಹೊತ್ತಿಗೆ ಇನ್ವರ್ಟರ್ ಹೊರಬೇಕಾದ್ದು ಹೆಚ್ಚೆಂದರೆ 600 ವಾಟ್. ಹಾಗಾದರೆ 600 ವಾಟಿನ ಇನ್ವರ್ಟರ್ ಸಾಲದೇ? ಸಾಲದು. ಡಬ್ಬಿಯ ಮೇಲೆ ಬರೆದ ವಾಟ್ ಸಾಮಾನ್ಯವಾಗಿ 25 ಡಿಗ್ರಿ ಬಿಸಿಗೆ ಹೇಳಿದ್ದು. 40-45 ಡಿಗ್ರಿ ಕ್ಯಾಬಿನ್‌ನಲ್ಲಿ ಕಾಲು ಪಾಲು ಕಳೆದೇ ಸಿಗುವುದು. ಆ ಕಾರಣಕ್ಕೆ ನಿಮಗೆ ಬೇಕಾದ್ದು 24 ವೋಲ್ಟ್ ಇನ್‌ಪುಟ್, 230 ವೋಲ್ಟ್ 50 ಹರ್ಟ್ಜ್ ಔಟ್‌ಪುಟ್, ಎಡೆಬಿಡದೆ 1000 ವಾಟ್ ಕೊಡುವ ಇನ್ವರ್ಟರ್. ಆನ್‌ಲೈನಿನಲ್ಲಿ 110 ವೋಲ್ಟ್ ಔಟ್‌ಪುಟ್‌ನವೂ ಬೆರೆತು ಬರುತ್ತವೆ, ನೋಡಿಕೊಳ್ಳಿ.

"ಎಡೆಬಿಡದೆ" ಎಂದದ್ದಕ್ಕೆ ಕಾರಣವಿದೆ. ದೊಡ್ಡ ಅಕ್ಷರದಲ್ಲಿ 2000 ಎಂದು ಬರೆದು, ಕೆಳಗೆ ಸಣ್ಣದಾಗಿ ಅದು ಪೀಕ್ (ಕ್ಷಣಮಾತ್ರ ಕೊಡುವುದು), ನಿರಂತರ 1000 ಎಂದಿರುತ್ತದೆ. ಕೆಲವು ಅಗ್ಗದವುಗಳಲ್ಲಿ ಅದೂ ಸುಳ್ಳು. ಕಂಡುಹಿಡಿಯುವುದು ಸುಲಭ. 12 ವೋಲ್ಟಿನಲ್ಲಿ ನಿಜವಾಗಿ 2000 ವಾಟ್ ಕೊಡಬೇಕಾದರೆ ಬ್ಯಾಟರಿಯಿಂದ 196 ಆಂಪಿಯರ್ ಬರಬೇಕು. ನಿಮಗೆ ತೋರಿಸಿದ ಡಬ್ಬಿಯ ಜೊತೆ ಕೊಡುವ ವೈರ್ ಕಿರುಬೆರಳಷ್ಟೂ ದಪ್ಪ ಇಲ್ಲದಿದ್ದರೆ ಆ 2000 ಬರೀ ಸ್ಟಿಕ್ಕರ್ ಎಂದು ತಿಳಿಯಿರಿ. ಯಾವುದೇ ಇನ್ವರ್ಟರ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು, 1000 ವಾಟಿನ ನೀರು ಕಾಯಿಸುವ ರಾಡನ್ನು ಬಕೆಟ್ ನೀರಿನಲ್ಲಿ ಇಳಿಬಿಟ್ಟು ಹದಿನೈದು ನಿಮಿಷ ಓಡಿಸಿ ತೋರಿಸಿ ಅನ್ನಿ. ಆ ನೀರಿಗೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ. ಬೀಪ್ ಎನ್ನದೆ, ನಿಲ್ಲದೆ, ವಾಸನೆ ಬಾರದೆ ಓಡಿದರೆ ತೆಗೆದುಕೊಳ್ಳಿ. ತೋರಿಸಲು ಒಪ್ಪದ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಮನೆಯ ಕರೆಂಟಿನಂತೆ ನಯವಾಗಿ ಏರಿಳಿಯುವ ಸೈನ್ ವೇವ್ ಬೇಕೇ, ಮೆಟ್ಟಿಲಿನಂತೆ ಜಿಗಿಯುವ ಅಗ್ಗದ ಸ್ಕ್ವೇರ್ ವೇವ್ ಸಾಕೇ? ನೇರ ಉತ್ತರ: ಬರೀ ಸಾದಾ ಕುಕ್ಕರ್ ಮತ್ತು ಕೆಟಲ್ ಆದರೆ ಬೇಕಿಲ್ಲ. ಅವುಗಳೊಳಗೆ ಇರುವುದು ಕಾಯುವ ಕಾಯಿಲ್ ಮಾತ್ರ, ಅದಕ್ಕೆ ಯಾವ ಅಲೆಯಾದರೂ ಒಂದೇ. ಆದರೂ ಪ್ಯೂರ್ ಸೈನ್ ವೇವ್‌ನದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಕ್ಯಾಬಿನ್‌ನಲ್ಲಿ ಸಾಕೆಟ್ ಒಂದಿದ್ದರೆ ನಾಳೆ ಅದಕ್ಕೆ ಮಿಕ್ಸಿ, ಲ್ಯಾಪ್‌ಟಾಪ್, ಟ್ರಿಮ್ಮರ್ ಎಲ್ಲವೂ ಬಂದು ಸೇರುತ್ತವೆ. ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಇರುವವು ಗುಂಯ್ ಎನ್ನುತ್ತ ಬಿಸಿಯಾಗುತ್ತವೆ, ಡಿಜಿಟಲ್ ಕುಕ್ಕರುಗಳು ದಾರಿ ತಪ್ಪುತ್ತವೆ. ಉಸಿರಾಟದ ಯಂತ್ರದಂಥ ವೈದ್ಯಕೀಯ ಸಾಧನಗಳನ್ನಂತೂ ಅದಕ್ಕೆ ಸಿಕ್ಕಿಸಲೇಬಾರದು. ಇಂಡಕ್ಷನ್ ಒಲೆಯ ಆಸೆ ಮಾತ್ರ ಬಿಟ್ಟುಬಿಡಿ. 1200ರಿಂದ 2000 ವಾಟ್ ಎಳೆಯುವ ಒಲೆಗಳು ಅವು. ಎಷ್ಟೋ ಒಲೆಗಳಲ್ಲಿ ಉರಿ ಕಡಿಮೆ ಮಾಡಿದರೂ ಒಳಗೆ ದೊಡ್ಡ ಕರೆಂಟೇ ಬಂದು ಹೋಗಿ ಮಾಡುತ್ತಿರುತ್ತದೆ. ನಿಮ್ಮ ಬ್ಯಾಟರಿಗೂ ವೈರಿಗೂ ಅದು ಹೊಂದುವ ಮಾತಲ್ಲ.

ನಿಮ್ಮ ಗೆಳೆಯರ ಮನೆ ಇನ್ವರ್ಟರಿನ ಸಲಹೆ ಕೆಟ್ಟದ್ದಲ್ಲ, ಅನೇಕ ಲಾರಿಗಳಲ್ಲಿ ಹಾಕಿಸಿದ್ದಾರೆ. ಆದರೆ ಅದು ಗೋಡೆ ಪಕ್ಕ ಅಲ್ಲಾಡದೆ ಕೂರಲು ಮಾಡಿದ್ದು, ಒಳಗಿನ ಟ್ರಾನ್ಸ್‌ಫಾರ್ಮರ್ ಭಾರಕ್ಕೆ ಹೆದ್ದಾರಿ ಗುಂಡಿಗಳಲ್ಲಿ ಬೋರ್ಡಿನ ಬೆಸುಗೆ ಬಿಡುತ್ತದೆ. ಒಂದು ಬ್ಯಾಟರಿಯ ಮಾದರಿಗಳೆಲ್ಲ 12 ವೋಲ್ಟಿನವು, ಮತ್ತೆ ಅದೇ ಹಳೆಯ ತೊಂದರೆ. ಮೇಲೆ ಬರೆದಿರುವುದು ವಾಟ್ ಅಲ್ಲ, ವಿಎ. 900 ವಿಎ ಎಂದರೆ ಕೈಗೆ ಸಿಗುವುದು 700 ವಾಟಿನ ಆಸುಪಾಸು. ಅದರ ಜೊತೆ ಟ್ಯೂಬುಲಾರ್ ಬ್ಯಾಟರಿಯನ್ನೂ ಸ್ಲೀಪರ್ ಕೆಳಗೆ ಇಡುವವರಿದ್ದಾರೆ. ಇದನ್ನು ಖಂಡಿತ ಮಾಡಬೇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಮುಚ್ಚಿದ ಕ್ಯಾಬಿನ್, ಮೇಲೆ ಮಲಗಿದ ಮನುಷ್ಯ, ಒಂದು ಬೀಡಿ ಸಾಕು.

ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಎಂಬ ನಿಮ್ಮ ಭಯಕ್ಕೆ ಬರೋಣ. ಇನ್ವರ್ಟರಿನಲ್ಲಿ "ಲೋ ಬ್ಯಾಟರಿ ಕಟ್ ಆಫ್" ಇದೆ, ಏನೂ ಆಗುವುದಿಲ್ಲ ಎಂದು ಹೇಳುತ್ತಾರೆ. ಎಷ್ಟು ವೋಲ್ಟಿಗೆ ಕಟ್ ಆಗುತ್ತದೆ ಎಂದು ಕೇಳಿ. ಹೆಚ್ಚಿನವು 20-21 ವೋಲ್ಟಿಗೆ. ಅದು ಇನ್ವರ್ಟರನ್ನು ಉಳಿಸುವ ಮಟ್ಟ, ನಿಮ್ಮ ಸೆಲ್ಫನ್ನಲ್ಲ. ಲೋಡ್ ಇಲ್ಲದೆ ಸುಮ್ಮನಿರುವ 24 ವೋಲ್ಟ್ ಜೋಡಿಯಲ್ಲಿ ಮೀಟರ್ 25.3 ತೋರಿಸಿದರೆ ತುಂಬಿದೆ, 24.9 ಎಂದರೆ ಮುಕ್ಕಾಲು, 24.5ಕ್ಕೆ ಅರ್ಧ ಖಾಲಿ. 21ಕ್ಕೆ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಕಟ್ ಆಫ್ ಮಟ್ಟವನ್ನು ನಾವೇ ಹೊಂದಿಸಬಹುದಾದ ಇನ್ವರ್ಟರ್ ಹುಡುಕಿ, 23.5ಕ್ಕೆ ಇಡಿ. ಕುಕ್ಕರ್ ಎಳೆಯುವಾಗ ವೋಲ್ಟ್ ಸ್ವಲ್ಪ ಕುಸಿಯುವುದು ಸಹಜ, ಆ ಕುಸಿತ ಸೇರಿಸಿ ಈ ಅಂಕಿ. ಫ್ಯಾನ್ ಮತ್ತು ಫ್ರಿಜ್ ಲೈನಿಗೆ ವೋಲ್ಟ್ ಇಳಿದಾಗ ಲೈನ್ ತಾನೇ ಕಡಿಯುವ ಲೋ ವೋಲ್ಟೇಜ್ ಡಿಸ್ಕನೆಕ್ಟ್ ಎಂಬ ಚಿಕ್ಕ ಸಾಧನ ಹಾಕಿಸಿ 24.6ಕ್ಕೆ ಇಡಿಸಿ. ನಡುರಾತ್ರಿ ಫ್ಯಾನ್ ನಿಂತರೆ ಎಚ್ಚರವಾಗುತ್ತದೆ, ಅಷ್ಟೇ. ಫ್ರಿಜ್ ನಿಂತರೂ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪು ಹಿಡಿದಿಡುತ್ತದೆ. ಕಣ್ಣಿಗೆ ಬೀಳುವಂತೆ ಡ್ಯಾಶ್‌ಬೋರ್ಡಿನಲ್ಲಿ ಒಂದು ವೋಲ್ಟ್ ಮೀಟರ್ ಹಾಕಿಸಿ, ಅಷ್ಟು ಅಗ್ಗದ, ಅಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ.

ಒಟ್ಟು ರಾತ್ರಿಯ ಲೆಕ್ಕ: ಫ್ಯಾನ್ 5, ಹತ್ತು ಗಂಟೆಯ ಫ್ರಿಜ್ 9, ಕುಕ್ಕರ್ 10, ಕೆಟಲ್ 3. ಕೂಡಿದರೆ 27 ಎಎಚ್. ನಮ್ಮ ಮಿತಿಗೆ ಒಂದೇ ಹೆಚ್ಚು. ಬೆಳಿಗ್ಗೆ ಹೊರಟ ಮೇಲೆ ಆಲ್ಟರ್ನೇಟರ್ ಕೆಲವು ಗಂಟೆಗಳಲ್ಲಿ ಅದನ್ನು ತುಂಬಿಸಿಬಿಡುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ, ಬ್ಯಾಟರಿ ತುಂಬಿರುವಾಗಲೇ ಅನ್ನಕ್ಕಿಡಿ, ಬೆಂದ ಮೇಲೆ ಇನ್ವರ್ಟರಿನ ಸ್ವಿಚ್ಚನ್ನೇ ಆರಿಸಿ. ಓಡುವ ಗಾಡಿಯಲ್ಲಿ ಕುಕ್ಕರ್ ಇಡುವುದು ಮಾತ್ರ ಬೇಡ. ಒಂದು ಗಟ್ಟಿ ಬ್ರೇಕಿಗೆ ಕುದಿಯುವ ಗಂಜಿ ಕ್ಲೀನರ್ ಹುಡುಗನ ಮೈಮೇಲೆ ಇರುತ್ತದೆ.

ಇನ್ನು ವೈರಿಂಗ್. ಇದೇ ಜಾಗದಲ್ಲಿ ಕ್ಯಾಬಿನ್‌ಗಳು ಸುಡುವುದು. 24 ವೋಲ್ಟಿನಲ್ಲಿ 1000 ವಾಟ್ ಎಂದರೆ ಸುಮಾರು 50 ಆಂಪಿಯರ್. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ 10-15 ಆಂಪಿಯರಿನದು, ಅದಕ್ಕೆ ಸಿಕ್ಕಿಸುವ ಮಾತೇ ಇಲ್ಲ. ಫ್ಯೂಸ್ ಬಾಕ್ಸಿನಿಂದಲೂ ಕದ್ದು ಎಳೆಯಬಾರದು. ನೇರ ಬ್ಯಾಟರಿಯಿಂದಲೇ ಪ್ರತ್ಯೇಕ ಲೈನ್ ಬರಬೇಕು. ಬ್ಯಾಟರಿ ಚಾಸಿಸ್ ಮೇಲೆ, ಇನ್ವರ್ಟರ್ ಕ್ಯಾಬಿನ್ ಒಳಗೆ, ನಡುವೆ ವೈರ್ ಸುತ್ತಿ ಬರುವಾಗ ಐದು ಮೀಟರ್ ಸುಲಭವಾಗಿ ಆಗುತ್ತದೆ. ಅಲ್ಲಿ 6 ಸ್ಕ್ವೇರ್ ಎಂಎಂ ವೈರ್ ಎಳೆದರೆ ಹೋಗಿ ಬರುವ ದಾರಿಯಲ್ಲೇ ಒಂದೂವರೆ ವೋಲ್ಟಿಗೂ ಹೆಚ್ಚು ಕಳೆದು, 80 ವಾಟಿನಷ್ಟು ಬಿಸಿ ಆ ವೈರಿನ ಮೈಯಲ್ಲೇ ಹುಟ್ಟುತ್ತದೆ. ಕುಕ್ಕರ್ ಕಾಯುವ ಮೊದಲು ವೈರ್ ಕಾಯುತ್ತದೆ. ಕಡಿಮೆ ಎಂದರೆ 16, ಸಾಧ್ಯವಾದರೆ 25 ಸ್ಕ್ವೇರ್ ಎಂಎಂನ ಎಳೆ ಎಳೆಯಾದ ತಾಮ್ರದ ಕೇಬಲ್ ಹಾಕಿಸಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೇಬಲ್ಲೂ ಮಾರುಕಟ್ಟೆಯಲ್ಲಿದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ತುದಿಗಳಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಕಣ್ಣು) ಹಾಕಿ ಸರಿಯಾದ ಟೂಲಿನಿಂದ ಒತ್ತಿಸಿ, ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿ ಟೇಪ್ ಸುತ್ತುವುದಕ್ಕೆ ಬಿಡಬೇಡಿ.

ಪಾಸಿಟಿವ್ ವೈರಿನಲ್ಲಿ 80 ಆಂಪಿಯರಿನ ಫ್ಯೂಸ್, ಅದೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಇನ್ವರ್ಟರಿನ ಒಳಗೇ ಫ್ಯೂಸ್ ಇದೆಯಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು. ಆ ಫ್ಯೂಸ್ ಇನ್ವರ್ಟರಿಗೆ, ಇದು ವೈರಿಗೆ. ದಾರಿಯಲ್ಲಿ ಎಲ್ಲಾದರೂ ವೈರ್ ಉಜ್ಜಿ ಚಾಸಿಸ್‌ಗೆ ತಾಗಿದರೆ ಬ್ಯಾಟರಿ ಕೊಡುವ ನೂರಾರು ಆಂಪಿಯರನ್ನು ತಡೆಯುವುದು ಬ್ಯಾಟರಿ ಬಳಿಯ ಈ ಫ್ಯೂಸ್ ಒಂದೇ. ಉಜ್ಜುವ ಜಾಗ ಎಲ್ಲಿ ಎಂದರೆ, ಕ್ಯಾಬಿನ್ ಮುಂದಕ್ಕೆ ಬಾಗುವ ಕಡೆ. ಎಂಜಿನ್ ನೋಡಲು ಕ್ಯಾಬಿನ್ ಎತ್ತಿದಾಗ ವೈರ್ ಬಿಗಿದು ಕಿತ್ತುಬರಬಾರದು, ಇಳಿಸಿದಾಗ ನಡುವೆ ಸಿಕ್ಕಿ ಜಜ್ಜಬಾರದು. ಕಂಪನಿಯ ವೈರಿಂಗ್ ಹೋಗಿರುವ ದಾರಿಯಲ್ಲೇ, ಅಷ್ಟೇ ಸಡಿಲ ಬಿಟ್ಟು, ಕೊಳವೆಯೊಳಗೆ ಎಳೆಸಿ. ತಗಡಿನ ತೂತಿನ ಅಂಚಿಗೆ ಗ್ರಾಮೆಟ್ ಎಂಬ ರಬ್ಬರ್ ಬಳೆ ಇರಲಿ. ಕೆಲಸ ಮುಗಿದ ಮೇಲೆ ನಿಮ್ಮೆದುರೇ ಒಮ್ಮೆ ಕ್ಯಾಬಿನ್ ಎತ್ತಿ ಇಳಿಸಿ ನೋಡಿ. ನಿಮ್ಮದು ಬಿಎಸ್-6 ಗಾಡಿಯಾಗಿದ್ದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಕೂತಿದ್ದರೆ, ಇನ್ವರ್ಟರಿನ ನೆಗೆಟಿವ್ ಅನ್ನು ಸೆನ್ಸರಿನ ಆಚೆ, ಬಾಡಿ ಅರ್ಥ್ ಕಡೆಗೆ ಕೊಡಬೇಕು. ಇಲ್ಲದಿದ್ದರೆ ಗಾಡಿಯ ಕಂಪ್ಯೂಟರಿಗೆ ಈ ಕರೆಂಟಿನ ಲೆಕ್ಕವೇ ಸಿಗುವುದಿಲ್ಲ. ವಾರಂಟಿ ಇದ್ದರೆ ವರ್ಕ್‌ಶಾಪಿನಲ್ಲಿ ಮೊದಲೇ ಮಾತಾಡಿ.

ಇನ್ವರ್ಟರನ್ನು ಹಾಸಿಗೆ ಬಟ್ಟೆಯ ಕೆಳಗೆ ತುರುಕಬೇಡಿ, ಸುತ್ತ ಒಂದು ಅಂಗೈ ಜಾಗ ಗಾಳಿಗೆ ಬೇಕು. ಅದರ ಅರ್ಥ್ ಸ್ಕ್ರೂವಿನಿಂದ ಕ್ಯಾಬಿನ್ ತಗಡಿಗೆ ಒಂದು ವೈರ್ ಕೊಡಿಸಿ. ಔಟ್‌ಪುಟ್ಟಿನ 230 ವೋಲ್ಟ್ ಮನೆಯ ಕರೆಂಟಿನಷ್ಟೇ ಕೊಲ್ಲಬಲ್ಲದು, ಒದ್ದೆ ಕೈ, ಸುಲಿದ ಎಕ್ಸ್‌ಟೆನ್ಷನ್ ವೈರ್ ಎರಡೂ ದೂರವಿರಲಿ. ಎಂಜಿನ್ ಸ್ಟಾರ್ಟ್ ಮಾಡುವಾಗ ಇನ್ವರ್ಟರ್ ಆಫ್ ಇರಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಎಂದೂ ಬಿಚ್ಚಬಾರದು, ಆ ಕ್ಷಣದಲ್ಲಿ ಏಳುವ ವೋಲ್ಟೇಜಿಗೆ ಇನ್ವರ್ಟರ್ ಮಾತ್ರವಲ್ಲ, ಗಾಡಿಯ ಕಂಪ್ಯೂಟರ್ ಆದ ಇಸಿಯೂನೇ ಹೋಗಬಹುದು. ಒಂದು ಎಬಿಸಿ ಪೌಡರಿನ ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಪಕ್ಕ ಕೈಗೆ ಸಿಗುವಲ್ಲಿ ಇರಲಿ.

ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ವಾಪಸ್ ಲೋಡಿಗೆ ಎರಡು ದಿನ ಕಾಯಬೇಕಾಗಿ ಬಂತೆನ್ನಿ. ಆಗ ಮೇಲಿನ ಲೆಕ್ಕ ನಿಲ್ಲುವುದಿಲ್ಲ. ಎರಡು ಹೊತ್ತಿನ ಅಡುಗೆ, ಹಗಲು ಫ್ಯಾನ್, ಇಡೀ ದಿನದ ಫ್ರಿಜ್ ಎಂದರೆ ದಿನಕ್ಕೆ 55-60 ಎಎಚ್. ಎಂಜಿನ್ ಸುಮ್ಮನೆ ಓಡಿಸಿ ಚಾರ್ಜ್ ಮಾಡುವುದು ದುಬಾರಿ ದಾರಿ: ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ಕೊಡುವುದೂ ಕಡಿಮೆ, ಗಂಟೆಗೆ ಒಂದೂವರೆ ಎರಡು ಲೀಟರ್ ಡೀಸೆಲ್ ಹೋಗುತ್ತದೆ. ಅಂಥ ದಿನಗಳಲ್ಲಿ ಅಡುಗೆಯನ್ನು ಈಗ ಎಲ್ಲರೂ ಮಾಡುವಂತೆ ಲಾರಿಯ ಪಕ್ಕ, ಬಯಲಲ್ಲಿ, ಚಿಕ್ಕ ಗ್ಯಾಸ್ ಒಲೆಯಲ್ಲೇ ಮಾಡಿ. ಕ್ಯಾಬಿನ್ ಒಳಗೆ ಮಾತ್ರ ಒಲೆ ಹಚ್ಚಬಾರದು, ಗಾಜು ಏರಿಸಿದ ಕ್ಯಾಬಿನ್‌ನಲ್ಲಿ ಕಾರ್ಬನ್ ಮೋನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಬ್ಯಾಟರಿಯನ್ನು ಫ್ರಿಜ್ಜಿಗೂ ಫ್ಯಾನಿಗೂ ಉಳಿಸಿ. ಕ್ಯಾಬಿನ್ ಮೇಲೆ ಜಾಗವಿದ್ದರೆ 200 ವಾಟಿನ ಸೋಲಾರ್ ಪ್ಯಾನೆಲ್ ಮಲಗಿಸಿ ಬಿಗಿಸಿದರೆ ಬಿಸಿಲಿನ ದಿನ 25 ಎಎಚ್ ಹತ್ತಿರ ವಾಪಸ್ ಬರುತ್ತದೆ, ಫ್ರಿಜ್ಜಿನ ಖರ್ಚು ಅದರಲ್ಲೇ ಕಳೆಯುತ್ತದೆ. ಮುಂದೆ ಕೈಯಲ್ಲಿ ಹಣ ಓಡಾಡಿದಾಗ 24 ವೋಲ್ಟ್, 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ಗಾಡಿಯ ಬ್ಯಾಟರಿಯನ್ನು ಮುಟ್ಟುವ ಪ್ರಮೇಯವೇ ಇರುವುದಿಲ್ಲ. ಅದನ್ನು ನೇರ ಆಲ್ಟರ್ನೇಟರಿಗೆ ಸೇರಿಸದೆ, ಡಿಸಿ-ಡಿಸಿ ಚಾರ್ಜರ್ ಮೂಲಕವೇ ಕೊಡಿಸಬೇಕು. ಇಲ್ಲದಿದ್ದರೆ ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆದು ಆಲ್ಟರ್ನೇಟರನ್ನು ಸುಡುತ್ತದೆ.

ನಿಮ್ಮ ಭಾವನ ಟ್ಯಾಂಕರಿಗೆ ಬೇಡ. 1000 ವಾಟ್ ಇರಲಿ, 100 ವಾಟಿನದೂ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಬಂದು ಗಾಡಿಯ ಸುತ್ತ ತಂಗುತ್ತದೆ. ಇನ್ವರ್ಟರಿನ ರಿಲೇಯಲ್ಲಿ, ಪ್ಲಗ್ ಕೀಳುವಾಗ, ಸಡಿಲ ಟರ್ಮಿನಲ್‌ನಲ್ಲಿ ಹುಟ್ಟುವ ಒಂದು ಕಿಡಿ ಸಾಕು. ಟ್ಯಾಂಕರಿನ ವೈರಿಂಗ್ ಹೇಗಿರಬೇಕೆಂದು 2002ರ ಪೆಟ್ರೋಲಿಯಂ ನಿಯಮಗಳಲ್ಲೇ ಹೇಳಿದೆ, ಅದರ ಮೇಲೆಯೇ ಪರವಾನಗಿ ನಿಂತಿರುತ್ತದೆ. ಹೊರಗಿನ ಎಲೆಕ್ಟ್ರಿಷಿಯನ್ ಅದಕ್ಕೆ ಕೈ ಹಾಕುವಂತಿಲ್ಲ. ಫ್ಯಾನ್, ಚಾರ್ಜರ್ ಏನು ಬೇಕಿದ್ದರೂ ಗಾಡಿಯ ಮಾಲೀಕರ ಮೂಲಕ, ಟ್ಯಾಂಕರ್ ಕೆಲಸಕ್ಕೆ ಅನುಮತಿ ಇರುವ ವರ್ಕ್‌ಶಾಪಿನಲ್ಲೇ ಕೇಳಲಿ. ಬಿಸಿನೀರಿಗೆ ಒಳ್ಳೆಯ ಫ್ಲಾಸ್ಕ್, ಮೊಬೈಲಿಗೆ ಮನೆಯಲ್ಲೇ ಚಾರ್ಜ್ ಮಾಡಿದ ಪವರ್ ಬ್ಯಾಂಕ್ ತೆಗೆದುಕೊಂಡು ಹೋಗಲಿ. ಲೋಡಿಂಗ್ ಮತ್ತು ಅನ್‌ಲೋಡಿಂಗ್ ಗೇಟಿನಲ್ಲಿ ಫೋನ್, ಪವರ್ ಬ್ಯಾಂಕ್ ಎರಡನ್ನೂ ಆಫ್ ಮಾಡಿ ಸೆಕ್ಯುರಿಟಿಯವರ ಬಳಿ ಕೊಟ್ಟೇ ಒಳಗೆ ಹೋಗಬೇಕು.